ಗೋಣಿಚೀಲದ ತೂಕ ಕಳೆದಿದ್ದಾರಾ?

ಈ ತಿಂಗಳ ಪತ್ರಗಳನ್ನು ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಗಾಂಜಾ ಕೇಸಿನವೇ. ಜಮೀನು ಪಾಲು, ಚೆಕ್ ಬೌನ್ಸ್, ಜೀವನಾಂಶದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಶಿಕ್ಷೆಯಾದ ಮೇಲಿನ ಅಪೀಲಿಗೆ ದಿನದ ಲೆಕ್ಕ ಇರುತ್ತೆ. ಪಾಲಿನ ದಾವೆಗೆ ಅಷ್ಟು ಅವಸರ ಇಲ್ಲ. ಹೇಗೂ ಮೂರು ತಲೆಮಾರಿನಿಂದ ನಡೀತಾ ಇದೆ ಅಲ್ವಾ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನನ್ನ ಮಗ ಬಾಡಿಗೆ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಎರಡೂವರೆ ವರ್ಷದ ಹಿಂದೆ ಸಂಜೆ ಹೊತ್ತು ಪೊಲೀಸರು ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಎರಡು ಚೀಲ ಗಾಂಜಾ ಸಿಕ್ಕಿತು ಅಂತ ಹಿಡಿದರು. ಹುಣಸೆಹಣ್ಣು ಅಂತ ಹೇಳಿ ಲೋಡ್ ಮಾಡಿಸಿದ್ದರಂತೆ, ಅವನಿಗೆ ಗೊತ್ತೇ ಇರಲಿಲ್ಲವಂತೆ. ಅವತ್ತಿನಿಂದ ಜೈಲಿನಲ್ಲೇ ಇದ್ದಾನೆ. ಈಗ ಹತ್ತು ವರ್ಷ ಶಿಕ್ಷೆ, ಒಂದು ಲಕ್ಷ ದಂಡ, ಕಟ್ಟದಿದ್ದರೆ ಇನ್ನೊಂದು ವರ್ಷ ಅಂತ ತೀರ್ಪಾಗಿದೆ. ತೀರ್ಪಾಗಿ 48 ದಿನ ಆಯಿತು. ಹೈಕೋರ್ಟಿಗೆ ಹೋದರೆ ಶಿಕ್ಷೆ ಇನ್ನೂ ಜಾಸ್ತಿ ಮಾಡ್ತಾರೆ, ಸುಮ್ಮನಿರಿ ಅಂತ ಊರಲ್ಲಿ ಹೇಳುತ್ತಾರೆ. ಒಬ್ಬರು ಮೂರು ಲಕ್ಷ ಕೊಟ್ಟರೆ ಗ್ಯಾರಂಟಿ ಬಿಡಿಸಿಕೊಡ್ತೀನಿ ಅಂತಾರೆ. ನಮಗಿರುವುದು ಇಪ್ಪತ್ತು ಗುಂಟೆ ಗದ್ದೆ. ಮಾರಿಬಿಡಲಾ? ತೀರ್ಪಿನ ಮತ್ತು ಪಂಚನಾಮೆಯ ಜೆರಾಕ್ಸ್ ಇಟ್ಟಿದ್ದೇನೆ.
— ಒಬ್ಬ ತಾಯಿ, ಮದ್ದೂರು ತಾಲ್ಲೂಕು

ಉತ್ತರ: ಗದ್ದೆ ಮಾರಬೇಡಿ ತಾಯಿ. ಗ್ಯಾರಂಟಿ ಅಂದವರ ಮನೆ ಕಡೆ ತಲೆಯೂ ಹಾಕಬೇಡಿ. ಇಪ್ಪತ್ತೇಳು ವರ್ಷದಿಂದ ಈ ಕರಿ ಕೋಟು ಹಾಕಿಕೊಂಡು ಓಡಾಡುತ್ತಿದ್ದೇನೆ, ನನ್ನ ಯಾವ ಕೇಸಿಗೂ ನಾನು ಗ್ಯಾರಂಟಿ ಕೊಟ್ಟಿಲ್ಲ. ಕೊಡುವವರು ವಕೀಲರಲ್ಲ, ದಲ್ಲಾಳಿಗಳು.

ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನ್ ಮಾಡಿ ದಿನದ ಲೆಕ್ಕ ಹೇಳಿದ್ದೆ. ಬೇರೆಯವರಿಗೂ ಬೇಕಾಗುತ್ತೆ ಅಂತ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ವಿಶೇಷ ನ್ಯಾಯಾಲಯದ ತೀರ್ಪಿನ ಮೇಲೆ ಹೈಕೋರ್ಟಿಗೆ ಅಪೀಲು ಹಾಕಲು 60 ದಿನ ಇರುತ್ತೆ. ನಮ್ಮ ಮಂಡ್ಯ, ಮೈಸೂರಿನವರಿಗೆ ಹೈಕೋರ್ಟ್ ಅಂದರೆ ಬೆಂಗಳೂರಿನ ಪ್ರಧಾನ ಪೀಠ. ಧಾರವಾಡ, ಕಲಬುರಗಿ ಪೀಠ ನಮಗಲ್ಲ. ನಕಲು ಪಡೆಯಲು ಹಿಡಿದ ದಿನಗಳನ್ನು ಈ 60ರಿಂದ ಬಿಡುತ್ತಾರೆ. ಶಿಕ್ಷೆಯಾದವರಿಗೆ ತೀರ್ಪಿನ ಒಂದು ಪ್ರತಿಯನ್ನು ಕೋರ್ಟೇ ಪುಕ್ಕಟೆ ಕೊಡಬೇಕು. ನಿಮ್ಮ ಮಗನ ಕೈಯಲ್ಲಿ ಅದು ಇದ್ದೇ ಇರುತ್ತೆ, ಕೇಳಿ ನೋಡಿ.

ನಕಲಿನ ದಿನದ ಲೆಕ್ಕದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಪ್ರಾಕ್ಟೀಸಿಗೆ ಬಂದ ನಾಲ್ಕನೇ ವರ್ಷ. ದೃಢೀಕೃತ ನಕಲಿನ ಹಿಂಬದಿಯಲ್ಲಿ ಒಂದು ಮೊಹರು ಇರುತ್ತೆ, ನೋಡಿ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಅಂತ ಸಾಲಾಗಿ ಬರೆದಿರುತ್ತಾರೆ. ನಾನು ಕೈಗೆ ಕೊಟ್ಟ ದಿನದವರೆಗೂ ಬಿಟ್ಟು ಲೆಕ್ಕ ಹಾಕಿದೆ. ಬಿಡುವುದು ಸಿದ್ಧವಾದ ದಿನದವರೆಗೆ ಮಾತ್ರ. ನಕಲು ಸಿದ್ಧವಾಗಿ ಒಂಬತ್ತು ದಿನ ಕಚೇರಿಯಲ್ಲೇ ಬಿದ್ದಿತ್ತು, ನಾನು ಹೋಗಿ ತಂದಿರಲಿಲ್ಲ. ಆ ಒಂಬತ್ತು ದಿನ ತಡ ನನ್ನ ತಲೆಗೇ ಬಂತು. ತಡ ಮನ್ನಿಸಿ ಅಂತ ಅರ್ಜಿ, ಅಫಿಡವಿಟ್ಟು, ಸೀನಿಯರ್ ಹತ್ತಿರ ಬೈಗುಳ. ಕೋರ್ಟು ಮನ್ನಿಸಿತು. ಆವತ್ತಿನಿಂದ ಯಾವ ನಕಲು ಕೈಗೆ ಬಂದರೂ ಮೊದಲು ಬೆನ್ನು ತಿರುಗಿಸಿ ನೋಡುತ್ತೇನೆ. ಹಾಗಾಗಿ 60 ದಿನ ದಾಟಿದವರೂ ಕೈ ಚೆಲ್ಲಬೇಡಿ, ಕಾರಣ ಸರಿ ಇದ್ದರೆ ತಡವನ್ನು ಮನ್ನಿಸುತ್ತಾರೆ. ಹಾಗಂತ ಬೇಕೆಂದೇ ತಡ ಮಾಡಲೂಬೇಡಿ.

ಶಿಕ್ಷೆ ಜಾಸ್ತಿ ಆಗುತ್ತೆ ಅನ್ನೋ ಹೆದರಿಕೆ ಬಿಡಿ. ಆರೋಪಿ ತಾನೇ ಹಾಕಿದ ಅಪೀಲಿನಲ್ಲಿ ಹೈಕೋರ್ಟು ಶಿಕ್ಷೆ ಕಡಿಮೆ ಮಾಡಬಹುದು, ರದ್ದು ಮಾಡಬಹುದು, ಇದ್ದ ಹಾಗೆ ಉಳಿಸಬಹುದು. ಹೆಚ್ಚಿಸುವುದಕ್ಕೆ ಸರ್ಕಾರ ಬೇರೆಯಾಗಿಯೇ ಬರಬೇಕು, ನಿಮ್ಮ ಮಗನ ಮಾತನ್ನೂ ಕೇಳಬೇಕು.

ದುಡ್ಡಿನ ವಿಷಯ. ಮಗ ಜೈಲಿನಲ್ಲಿ ಇದ್ದಾನೆ ಅನ್ನೋದೊಂದೇ ಸಾಕು, ಕಾನೂನು ಸೇವಾ ಪ್ರಾಧಿಕಾರ ಅವನಿಗೆ ಪುಕ್ಕಟೆ ವಕೀಲರನ್ನು ಕೊಡಬೇಕು. ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. 1987ರ ಕಾಯ್ದೆಯಲ್ಲೇ ಇದು ಇದೆ. ಹೈಕೋರ್ಟಿನ ಕೇಸಿಗೆ ಹೈಕೋರ್ಟ್ ಕಾನೂನು ಸೇವಾ ಸಮಿತಿ ಇದೆ, ನಮ್ಮ ಜಿಲ್ಲಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರೂ ಅಲ್ಲಿಗೆ ಕಳಿಸುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಅದೂ ಆಗದಿದ್ದರೆ ಮಗ ಜೈಲಿನೊಳಗಿಂದಲೇ ಅಪೀಲು ಬರೆದು ಜೈಲು ಅಧಿಕಾರಿಯ ಕೈಗೆ ಕೊಡಬಹುದು. ಅದನ್ನು ಕೋರ್ಟಿಗೆ ಮುಟ್ಟಿಸುವುದು ಅವರ ಕೆಲಸ. ಪುಕ್ಕಟೆ ವಕೀಲರು ಅಂದರೆ ಕೆಲಸ ಮಾಡೋದಿಲ್ಲ ಅಂತ ಮೂಗು ಮುರಿಯಬೇಡಿ. ನಾನೂ ಆ ಪಟ್ಟಿಯಲ್ಲೇ ಇದ್ದೇನೆ.

ಈಗ ನಿಮ್ಮ ಕಾಗದಗಳಿಗೆ ಬರೋಣ. ಅಪೀಲು ಅಂದರೆ ಮತ್ತೊಮ್ಮೆ ಸಾಕ್ಷಿಗಳನ್ನು ಕರೆಸಿ ವಿಚಾರಣೆ ಮಾಡೋದಲ್ಲ. ಗೋಳಾಡಿ ಕರುಣೆ ಕೇಳುವ ಜಾಗವೂ ಅಲ್ಲ. ಕೆಳಗಿನ ಕೋರ್ಟಿನಲ್ಲಿ ದಾಖಲಾದ ಕಾಗದಗಳನ್ನು ಸಾಲು ಸಾಲಾಗಿ ಓದಿ, ಇದರಿಂದ ಅಪರಾಧ ಸಾಬೀತಾಗಿದೆಯಾ ಅಂತ ನೋಡೋದು. ಹಾಗಾಗಿ ನಾನೂ ಓದಿದೆ, ರಾತ್ರಿ ಎರಡು ಲೋಟ ಕಾಫಿ ಕುಡಿದು.

ಪಂಚನಾಮೆಯ ಮೂರನೇ ಪುಟ. "ಎರಡು ಗೋಣಿಚೀಲಗಳನ್ನು ತೂಕ ಮಾಡಲಾಗಿ ಒಟ್ಟು 20 ಕೆ.ಜಿ. 850 ಗ್ರಾಂ ಇರುತ್ತದೆ." ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟೇಪು ಹಾಕಿದ ಪೊಟ್ಟಣಗಳಿದ್ದವು ಅಂತ ಅದರ ಮೇಲಿನ ಸಾಲಿನಲ್ಲೇ ಇದೆ. ಪೊಟ್ಟಣ ಬಿಚ್ಚಿ ಸೊಪ್ಪನ್ನು ಮಾತ್ರ ತೂಗಿದ ಮಾತು ಎಲ್ಲೂ ಇಲ್ಲ. ತೀರ್ಪಿನಲ್ಲೂ ಅದೇ 20 ಕೆ.ಜಿ. 850 ಗ್ರಾಂ.

ಇದು ಯಾಕೆ ಮುಖ್ಯ ಅಂದರೆ, ಗಾಂಜಾಕ್ಕೆ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕವಸ್ತು ಕಾಯ್ದೆ, ಎರಡು ಗೆರೆ ಎಳೆದಿದೆ. 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ ಹತ್ತು ವರ್ಷ, ಒಂದು ಲಕ್ಷ ದಂಡ. ನ್ಯಾಯಾಧೀಶರಿಗೆ ಅಯ್ಯೋ ಅನ್ನಿಸಿದರೂ ಅದಕ್ಕಿಂತ ಒಂದು ದಿನ ಕಡಿಮೆ ಕೊಡಲು ಬರೋದಿಲ್ಲ. ಎರಡೂ ಗೆರೆಗಳ ನಡುವೆ ಬಿದ್ದರೆ ಗರಿಷ್ಠ ಹತ್ತು ವರ್ಷ, ಕನಿಷ್ಠ ಅನ್ನೋದು ಇಲ್ಲ. ಮೂರು ವರ್ಷವೂ ಕೊಡಬಹುದು, ಐದೂ ಕೊಡಬಹುದು. ನಿಮ್ಮ ಮಗನ ಹಣೆಬರಹ ನಿಂತಿರುವುದು ಗೆರೆಯಿಂದ ಆಚೆಗಿನ 850 ಗ್ರಾಂ ಮೇಲೆ.

ಮಾರನೆ ದಿನ ಬೆಳಗ್ಗೆ ಗುತ್ತಲು ರಸ್ತೆಯ ಅಕ್ಕಿ ಅಂಗಡಿಗೆ ಹೋಗಿ ಖಾಲಿ ಗೋಣಿಚೀಲ ತೂಗಿಸಿದೆ. ಅಂಗಡಿಯವರು, "ಏನು ಮೇಡಂ, ವಕೀಲಿಕೆ ಬಿಟ್ಟು ಚೀಲದ ವ್ಯಾಪಾರಕ್ಕೆ ಇಳಿದಿರಾ" ಅಂದರು. ಒಂದು ಚೀಲ 620 ಗ್ರಾಂ, ಇನ್ನೊಂದು ಸ್ವಲ್ಪ ಸವೆದಿದ್ದು 590. ಎರಡೂ ಸೇರಿ 1 ಕೆ.ಜಿ. 210 ಗ್ರಾಂ. ಕಳೆದು ನೋಡಿ, 19 ಕೆ.ಜಿ. 640 ಗ್ರಾಂ. ಪ್ಲಾಸ್ಟಿಕ್ಕು, ಟೇಪು ಇನ್ನೂ ಕಳೆದೇ ಇಲ್ಲ.

ನಾನು ತೂಗಿದ್ದು ನಿಮ್ಮ ಕೇಸಿನ ಚೀಲ ಅಲ್ಲ, ಅದು ನನಗೂ ಗೊತ್ತು. ಹೈಕೋರ್ಟಿನಲ್ಲಿ ನನ್ನ ಅಕ್ಕಿ ಅಂಗಡಿ ಲೆಕ್ಕ ನಡೆಯೋದಿಲ್ಲ. ಆದರೆ ಸೊಪ್ಪಿನ ತೂಕ 20 ಕೆ.ಜಿ. ದಾಟಿತ್ತು ಅಂತ ಸಾಬೀತು ಮಾಡಬೇಕಾದವರು ಸರ್ಕಾರದ ಕಡೆಯವರು. ವಕೀಲರು ಎರಡು ಕಡೆ ಹುಡುಕಬೇಕು. ಒಂದು, ತನಿಖಾಧಿಕಾರಿಯ ಪಾಟಿ ಸವಾಲಿನಲ್ಲಿ ಚೀಲ ಸೇರಿಸಿ ತೂಗಿದ್ದು ಅಂತ ಒಪ್ಪಿಸಿದ್ದಾರಾ? ಇನ್ನೊಂದು, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಮುದ್ದೆಮಾಲಿನ (ವಶಪಡಿಸಿಕೊಂಡ ಮಾಲಿನ) ಪಟ್ಟಿಯಲ್ಲಿ ನಿವ್ವಳ ತೂಕ ಬೇರೆ ಬರೆದಿದ್ದಾರಾ? ಅಲ್ಲಿ ಸೊಪ್ಪು ಮಾತ್ರವೇ 20 ದಾಟಿದೆ ಅಂತಿದ್ದರೆ ಈ ವಾದ ಅಲ್ಲಿಗೇ ಮುಗೀತು. ಯಾರಾದರೂ ನಿಮಗೆ 2020ರ ಹೀರಾ ಸಿಂಗ್ ತೀರ್ಪು ತೋರಿಸಿ, ಎಲ್ಲಾ ಸೇರಿಸಿಯೇ ತೂಗಬೇಕು ಅನ್ನಬಹುದು. ಅದು ಮಾದಕವಸ್ತುವಿಗೆ ಬೇರೆ ಪುಡಿಗಿಡಿ ಬೆರೆಸಿದಾಗಿನ ಮಾತು. ಗೋಣಿಚೀಲವನ್ನು ಯಾರೂ ಸೇದೋದಿಲ್ಲ.

ಎರಡನೆಯದು ಸ್ಯಾಂಪಲ್ಲು. ಪಂಚನಾಮೆಯಲ್ಲಿ ರಸ್ತೆ ಬದಿಯಲ್ಲೇ ಸ್ಯಾಂಪಲ್ ತೆಗೆದು ಅರಗಿನ ಸೀಲು ಹಾಕಿದ್ದಾಗಿ ಇದೆ. 2022ರ ಡಿಸೆಂಬರ್ 23ರಿಂದ ಹೊಸ ನಿಯಮ ಬಂದಿದೆ, ಸ್ಯಾಂಪಲ್ ತೆಗೆಯಬೇಕಾದದ್ದು ಮ್ಯಾಜಿಸ್ಟ್ರೇಟರ ಎದುರಿಗೆ. ಕಾಯ್ದೆಯ 52ಎ ಕಲಂ ಹೇಳುವುದೂ ಅದನ್ನೇ, 2016ರ ಮೋಹನ್‌ಲಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒತ್ತಿ ಹೇಳಿದೆ. ನಿಮ್ಮ ಮಗನ ಕೇಸು ಹೊಸ ನಿಯಮ ಬಂದ ಮೇಲಿನದು. ಆದರೆ ಇದೊಂದನ್ನೇ ನಂಬಿ ಕೂರುವ ಕಾಲ ಹೋಯಿತು. 2025ರ ಜನವರಿಯಲ್ಲಿ ಛತ್ತೀಸ್‌ಗಢದ ಭಾರತ್ ಅಂಬಾಳೆ ಕೇಸಿನಲ್ಲಿ ಸುಪ್ರೀಂ ಕೋರ್ಟು, 52ಎ ಪಾಲಿಸಿಲ್ಲ ಅನ್ನೋ ಒಂದೇ ಕಾರಣಕ್ಕೆ ಬಿಡುಗಡೆ ಇಲ್ಲ, ಉಳಿದ ಸಾಕ್ಷ್ಯ ನಂಬುವ ಹಾಗಿದೆಯಾ ನೋಡಬೇಕು ಅಂದಿದೆ. ಹಾಗಾಗಿ ಸೀಲಿನ ಹಿಂದೆ ಬೀಳಬೇಕು. ಸೀಲು ಹಾಕಿದ ಮೇಲೆ ಅದರ ಅಚ್ಚು ಯಾರ ಕೈಯಲ್ಲಿತ್ತು? ಠಾಣೆಯಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು ಬರೆದಿಡುವ ಪಿ.ಎಫ್. ಪುಸ್ತಕದಲ್ಲಿ ಯಾವತ್ತು ನಮೂದಾಯಿತು? ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ತಲುಪಿದಾಗ ಸೀಲು ಸರಿಯಾಗಿತ್ತು ಅಂತ ಅವರ ವರದಿಯಲ್ಲಿದೆಯಾ? ತೆಗೆದುಕೊಂಡು ಹೋದ ಕಾನ್‌ಸ್ಟೇಬಲ್ ಸಾಕ್ಷಿ ಹೇಳಿದ್ದಾರಾ? ಈ ಸರಪಳಿಯ ಒಂದು ಕೊಂಡಿ ಬಿಟ್ಟುಹೋಗಿದ್ದರೂ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿದ್ದು ಗಾಡಿಯಲ್ಲಿ ಸಿಕ್ಕಿದ್ದನ್ನೇ ಅಂತ ಹೇಳೋದು ಹೇಗೆ?

ಮೂರನೆಯದು, ಹೊತ್ತು. ಮಾಹಿತಿ ಬಂದದ್ದು ಸಂಜೆ 6.10ಕ್ಕೆ, ಗಾಡಿ ತಪಾಸಣೆ 7.40ಕ್ಕೆ. ಮೊದಲೇ ಮಾಹಿತಿ ಬಂದಿದ್ದರೆ 42ನೇ ಕಲಂ ಪ್ರಕಾರ ಅದನ್ನು ಬರೆದಿಟ್ಟು 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಹುಡುಕಿದರೆ, ಯಾಕೆ ಕಾಯಲು ಆಗಲಿಲ್ಲ ಅನ್ನೋ ಕಾರಣವನ್ನೂ ಬರೆಯಬೇಕು. 2009ರ ಕರ್ನೈಲ್ ಸಿಂಗ್ ತೀರ್ಪಿನಲ್ಲಿ ಸಂವಿಧಾನ ಪೀಠ, ಸ್ವಲ್ಪ ತಡವಾದರೆ ವಿವರಣೆ ಕೇಳಬಹುದು, ಪೂರ್ತಿ ಬಿಟ್ಟಿದ್ದರೆ ಮಾತ್ರ ಒಪ್ಪೋ ಹಾಗಿಲ್ಲ ಅಂದಿದೆ. ಸಾರ್ವಜನಿಕ ಜಾಗದಲ್ಲಿ ಹಿಡಿದದ್ದು, ಇದಕ್ಕೆ 43ನೇ ಕಲಂ ಸಾಕು, ಹಾಗೆ ಬರೆದಿಡುವ ಅಗತ್ಯ ಇಲ್ಲ ಅಂತ ಸರ್ಕಾರಿ ವಕೀಲರು ಹೇಳುತ್ತಾರೆ. ಖಾಸಗಿ ವಾಹನ ರಸ್ತೆಯಲ್ಲಿ ನಿಂತ ಮಾತ್ರಕ್ಕೆ ಸಾರ್ವಜನಿಕ ಜಾಗ ಆಗೋದಿಲ್ಲ ಅಂತ 2021ರ ಬೂಟಾ ಸಿಂಗ್ ಕೇಸು ಹೇಳುತ್ತೆ. ನಿಮ್ಮ ಮಗನದು ಬಾಡಿಗೆ ಗೂಡ್ಸ್ ಗಾಡಿ ಆದ್ದರಿಂದ ಎರಡೂ ಕಡೆ ಎಳೆದಾಟ ಇದ್ದೇ ಇರುತ್ತೆ.

ಗೆಜೆಟೆಡ್ ಆಫೀಸರ್ ಇರಲಿಲ್ಲ, ಕೇಸು ನಿಲ್ಲೋದಿಲ್ಲ ಅಂತ ಯಾರೋ ಹೇಳಿದ್ದನ್ನು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಅದು ಮೈಮೇಲೆ ತಪಾಸಣೆ ಮಾಡುವಾಗಿನ ನಿಯಮ, 50ನೇ ಕಲಂ. ಜೇಬಿನಲ್ಲಿ, ಸೊಂಟದಲ್ಲಿ ಸಿಕ್ಕಿದ್ದರೆ ಅದು ದೊಡ್ಡ ಅಸ್ತ್ರ. ಚೀಲಕ್ಕೂ ಗಾಡಿಗೂ ಅದು ಅನ್ವಯಿಸೋದಿಲ್ಲ. ಟೀ ಅಂಗಡಿಯಲ್ಲಿ ಕೂತ ಅರ್ಧ ಜನಕ್ಕೆ ಈ 50ನೇ ಕಲಂ ಬಾಯಿಪಾಠ. ಆದರೆ ಅದು ಯಾವಾಗ ಅನ್ವಯಿಸುತ್ತೆ ಅಂತ ಯಾರಿಗೂ ಗೊತ್ತಿಲ್ಲ.

ಇನ್ನು ಹುಣಸೆಹಣ್ಣಿನ ಮಾತು. ಇದು ಕಷ್ಟದ ಭಾಗ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಬೇರೆ ಕೇಸುಗಳಲ್ಲಿ ಎಲ್ಲವನ್ನೂ ಸರ್ಕಾರವೇ ಸಾಬೀತು ಮಾಡಬೇಕು. ಇಲ್ಲಿ ವಸ್ತು ಇವನ ವಶದಲ್ಲಿತ್ತು ಅಂತ ತೋರಿಸಿಬಿಟ್ಟರೆ, ಇವನಿಗೆ ಗೊತ್ತಿತ್ತು ಅಂತ ಕಾನೂನೇ ಊಹಿಸಿಕೊಳ್ಳುತ್ತೆ. ಗೊತ್ತಿರಲಿಲ್ಲ ಅಂತ ತೋರಿಸುವ ಭಾರ ಇವನ ತಲೆಗೆ. ಲೋಡ್ ಮಾಡಿಸಿದವರ ಫೋನ್ ಕರೆ, ಬಾಡಿಗೆ ಚೀಟಿ, ಗಾಡಿ ಮಾಲೀಕರ ಮಾತು ಯಾವುದಾದರೂ ವಿಚಾರಣೆಯಲ್ಲಿ ದಾಖಲಾಗಿದೆಯಾ ನೋಡಿ. ಪೊಲೀಸರು ಬರೆಸಿಕೊಂಡ "ಸ್ವಇಚ್ಛಾ ಹೇಳಿಕೆ"ಯಲ್ಲಿ ಗೊತ್ತಿತ್ತು ಅಂತ ಇದೆಯಂತೆ. ಅದರ ಬಗ್ಗೆ ಹೆದರಬೇಡಿ, ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪೋದಿಲ್ಲ. ಬೇರೆ ಇಲಾಖೆಯ ಅಧಿಕಾರಿಗಳು ಈ ಕಾಯ್ದೆಯ ಅಧಿಕಾರದಲ್ಲಿ ಬರೆಸಿಕೊಂಡರೂ ಅಷ್ಟೇ, 2020ರ ತೂಫಾನ್ ಸಿಂಗ್ ತೀರ್ಪು ಬಂದ ಮೇಲೆ.

ಅಪೀಲು ಹಾಕಿದ ಕೂಡಲೇ ಮಗ ಮನೆಗೆ ಬರುತ್ತಾನಾ? ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಅಂತ ಬೇರೆ ಅರ್ಜಿ ಹಾಕಬೇಕು. ಈ ಕಾಯ್ದೆಯ 32ಎ ಕಲಂ ಅದನ್ನು ಪೂರ್ತಿ ಮುಚ್ಚಿತ್ತು. 2000ದ ಇಸವಿಯಲ್ಲಿ ದಾದು ಕೇಸಿನಲ್ಲಿ ಸುಪ್ರೀಂ ಕೋರ್ಟು ಬಾಗಿಲನ್ನು ಅರ್ಧ ತೆಗೆಯಿತು. ಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಡಬಹುದು, ಆದರೆ ವಾಣಿಜ್ಯ ಪ್ರಮಾಣ ಆದರೆ 37ನೇ ಕಲಮಿನ ಕಟ್ಟುಪಾಡು ಇರುತ್ತೆ. ಅಂದರೆ ಇವನು ತಪ್ಪಿತಸ್ಥ ಅಲ್ಲ ಅಂತ ನಂಬಲು ಕಾರಣ ಇದೆ, ಹೊರಗೆ ಬಂದರೆ ಮತ್ತೆ ಇಂಥ ಕೆಲಸ ಮಾಡೋದಿಲ್ಲ ಅಂತ ನ್ಯಾಯಾಧೀಶರಿಗೆ ಅನ್ನಿಸಬೇಕು. ಗೋಣಿಚೀಲದ ತೂಕ ಇಲ್ಲೇ ಮೊದಲು ಕೆಲಸಕ್ಕೆ ಬರೋದು. ಅಪೀಲು ತೀರ್ಮಾನಕ್ಕೆ ಬರಲು ವರ್ಷಗಳೇ ಹಿಡಿಯಬಹುದು, ಅದಕ್ಕೇ ಈ ಅರ್ಜಿಯನ್ನು ಅಪೀಲಿನ ಜೊತೆಗೇ ಹಾಕಿಸಿ. ಮೊದಲ ಸಲ ವಜಾ ಆದರೆ ಕುಗ್ಗಬೇಡಿ, ಸಮಯ ಕಳೆದ ಮೇಲೆ ಮತ್ತೆ ಕೇಳಬಹುದು. ಈಗಾಗಲೇ ಒಳಗಿರುವ ಎರಡೂವರೆ ವರ್ಷ ಶಿಕ್ಷೆಯಲ್ಲಿ ಕಳೆಯುತ್ತೆ.

ದಂಡಕ್ಕೆ ಸಾಲ ಮಾಡಬೇಡಿ. ಅದಕ್ಕೂ ತಡೆ ಕೇಳಬಹುದು, ಮತ್ತೆ ದಂಡ ಕಟ್ಟದಿದ್ದರೆ ಅನ್ನೋ ಆ ಒಂದು ವರ್ಷವನ್ನು ಕಡಿಮೆ ಮಾಡುವ ಅಧಿಕಾರ ಹೈಕೋರ್ಟಿಗೆ ಇದೆ. 2007ರ ಶಾಂತಿಲಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಅಂಥ ಮೂರು ವರ್ಷವನ್ನು ಆರು ತಿಂಗಳಿಗೆ ಇಳಿಸಿತ್ತು.

ಬೆಂಗಳೂರಿಗೆ ಹೋಗುವ ದಿನ ಮಂಡ್ಯದಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ. ಮೆಜೆಸ್ಟಿಕ್ಕಿನಿಂದ ಮೆಟ್ರೋದಲ್ಲಿ ವಿಧಾನಸೌಧ ನಿಲ್ದಾಣ, ಎದುರಿಗೇ ಕೆಂಪು ಕಟ್ಟಡ. ಆಧಾರ್ ಕಾರ್ಡ್ ಮರೀಬೇಡಿ, ಗೇಟಿನಲ್ಲಿ ಪಾಸ್ ಮಾಡಿಸಬೇಕು.

ಪ್ರಶ್ನೆ: ನಾನು ಎಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದೇನೆ. ಹೋದ ವರ್ಷ ನನ್ನ ಬ್ಯಾಗಿನಲ್ಲಿ 18 ಗ್ರಾಂ ಗಾಂಜಾ ಸಿಕ್ಕಿ ಕೇಸಾಯಿತು. ತಪ್ಪು ಒಪ್ಪಿಕೊಂಡರೆ ದಂಡ ಕಟ್ಟಿ ಹೋಗಬಹುದು ಅಂದಿದ್ದಕ್ಕೆ ಒಪ್ಪಿಕೊಂಡೆ, 5,000 ರೂ. ಕಟ್ಟಿದೆ. ಈಗ ಕ್ಯಾಂಪಸ್ ಇಂಟರ್‌ವ್ಯೂ ಇದೆ. ಅಪೀಲು ಹಾಕಿ ಕೇಸನ್ನು ಅಳಿಸಬಹುದಾ? ಮನೆಯಲ್ಲಿ ಗೊತ್ತಿಲ್ಲ.
— ಹೆಸರು ಬೇಡ, ಸರಸ್ವತಿಪುರಂ, ಮೈಸೂರು

ಉತ್ತರ: ತಮ್ಮಾ, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ ಮೇಲೆ ಅಪರಾಧಿ ಅನ್ನೋ ತೀರ್ಮಾನದ ಮೇಲೆ ಅಪೀಲು ಇಲ್ಲ. ಶಿಕ್ಷೆ ಎಷ್ಟು, ಅದು ಕಾನೂನಿಗೆ ಸರಿ ಇದೆಯಾ ಅನ್ನೋದರ ಮೇಲೆ ಮಾತ್ರ ಹೋಗಬಹುದು. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಸಜೆ ಅಥವಾ 10,000 ರೂ.ವರೆಗೆ ದಂಡ ಅಥವಾ ಎರಡೂ ಹಾಕಬಹುದು. ನಿನಗೆ ಬಿದ್ದದ್ದು 5,000. ಅದರ ಮೇಲೆ ಹೋಗಿ ಸಾಧಿಸೋದು ಏನೂ ಇಲ್ಲ. ಇಂಥ ಕೇಸಿನ ಅಪೀಲು ಸೆಷನ್ಸ್ ಕೋರ್ಟಿಗೆ, ಅವಧಿ 30 ದಿನ. ಅದೂ ಮುಗಿದಿದೆ. ಏನು ಒಪ್ಪಿಕೊಳ್ಳುತ್ತಿದ್ದೀಯ ಅಂತ ನಿನಗೆ ತಿಳಿಸಿ ಹೇಳದೆಯೇ ಬರೆಸಿಕೊಂಡಿದ್ದರೆ ರಿವಿಷನ್ (ಮೇಲಿನ ಕೋರ್ಟು ಮರುಪರಿಶೀಲಿಸಲಿ ಅನ್ನೋ) ಅರ್ಜಿಗೆ ದಾರಿ ಇದೆ. ಆರ್ಡರ್ ಶೀಟಿನ ನಕಲು ತೆಗೆದು ಯಾರಿಗಾದರೂ ತೋರಿಸು.

ಐದು ನಿಮಿಷದಲ್ಲಿ ಮುಗಿಯುತ್ತೆ ಅಂತ ಒಪ್ಪಿಕೊಳ್ಳುವವರನ್ನು ನೋಡಿ ನನಗೆ ಸಂಕಟ ಆಗುತ್ತೆ. ಇಷ್ಟು ಸಣ್ಣ ಪ್ರಮಾಣದಲ್ಲಿ ಸಿಕ್ಕವರು ಚಟಕ್ಕೆ ಬಿದ್ದಿದ್ದು, ತಾವಾಗಿಯೇ ಚಿಕಿತ್ಸೆಗೆ ಸೇರಿದರೆ 64ಎ ಕಲಮಿನಲ್ಲಿ ಕೇಸಿನಿಂದಲೇ ರಕ್ಷಣೆ ಇದೆ. ಆಗ ಅದನ್ನು ಯಾರೂ ನಿನಗೆ ಹೇಳಲಿಲ್ಲ. ಈಗಲೂ ಬಿಡಲು ಆಗುತ್ತಿಲ್ಲ ಅಂದರೆ ಕೆ.ಆರ್. ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಕೇಂದ್ರವೇ ಇದೆ.

ಕೆಲಸದ ಫಾರಂನಲ್ಲಿ ಶಿಕ್ಷೆ ಆಗಿದೆಯಾ ಅಂತ ಕೇಳಿದರೆ ಇಲ್ಲ ಅಂತ ಬರೆಯಬೇಡ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ ಪ್ರಕಾರ, ಸಣ್ಣ ಕೇಸನ್ನು ನಿಜ ಹೇಳಿದವರ ವಿಷಯದಲ್ಲಿ ಕೆಲಸ ಕೊಡುವವರು ಮನ್ನಿಸಬಹುದು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮುಚ್ಚಿಟ್ಟದ್ದಕ್ಕೇ ಕೆಲಸ ಹೋಗಬಹುದು. ಮನೆಯಲ್ಲಿ ಹೇಳೋದು ಬಿಡೋದು ನಿನಗೆ ಬಿಟ್ಟದ್ದು. ಅಪ್ಪನಿಗೆ ಆಗದಿದ್ದರೆ ಅಕ್ಕನಿಗಾದರೂ ಹೇಳು.

ಪ್ರಶ್ನೆ: ನಮ್ಮ ಸೋದರಮಾವನ ಕಬ್ಬಿನ ಗದ್ದೆಯಲ್ಲಿ 14 ಗಾಂಜಾ ಗಿಡ ಸಿಕ್ಕವು ಅಂತ ಮೂರು ವರ್ಷ ಶಿಕ್ಷೆ, 25,000 ದಂಡ ಆಗಿದೆ. ಮಾವನಿಗೆ 61 ವರ್ಷ. ಗದ್ದೆಯನ್ನು ಬೇರೆಯವರಿಗೆ ವಾರಕ್ಕೆ (ಬೆಳೆಯಲ್ಲಿ ಪಾಲಿನ ಕರಾರಿಗೆ) ಕೊಟ್ಟಿದ್ದರು. ಗಿಡದಲ್ಲಿ ಹೂವೇ ಬಿಟ್ಟಿರಲಿಲ್ಲ, ಹೂವಿಲ್ಲದಿದ್ದರೆ ಗಾಂಜಾ ಅಲ್ಲ ಅಂತಾರಲ್ಲ?
— ಪಾಂಡವಪುರ ತಾಲ್ಲೂಕಿನ ಓದುಗರು

ಉತ್ತರ: ಹೂವಿನ ವಾದ ಇಲ್ಲಿ ನಡೆಯೋದಿಲ್ಲ. ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂ ಕಾಯಿ ಬಿಟ್ಟ ತುದಿ, ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಅದರಲ್ಲಿ ಸೇರೋದಿಲ್ಲ, ನಿಜ. ಆದರೆ ಮಾವನ ಮೇಲಿರುವುದು ಬೆಳೆದ ಆರೋಪ, 20ನೇ ಕಲಮಿನ ಮೊದಲ ಭಾಗ. ಅಲ್ಲಿ ಗಿಡ ಆದರೆ ಸಾಕು. ತೂಕವೂ ಲೆಕ್ಕಕ್ಕಿಲ್ಲ, ಗರಿಷ್ಠ ಹತ್ತು ವರ್ಷದವರೆಗೆ ಹಾಕಬಹುದು.

ಜೀವ ಇರುವುದು ವಾರದ ಮಾತಿನಲ್ಲಿ. ಪಹಣಿಯ 9ನೇ ಕಾಲಂನಲ್ಲಿ ಮಾವನ ಹೆಸರಿದ್ದರೆ ಅವರು ಮಾಲೀಕರು ಅಂತಾಯಿತು, ಬೆಳೆದವರು ಅಂತ ಆಗಲಿಲ್ಲ. ಯಾರು ಉಳುತ್ತಿದ್ದರು ಅಂತ 12ನೇ ಕಾಲಂ ನೋಡಿ. ವಾರದ ಕರಾರು ಬಾಯಿಮಾತಿನದೇ ಇರುತ್ತೆ ನಮ್ಮ ಕಡೆ, ಗೊತ್ತು. ಆದರೆ ಕಬ್ಬು ಯಾರ ಹೆಸರಿನಲ್ಲಿ ಕಾರ್ಖಾನೆಗೆ ಹೋಯಿತು, ದುಡ್ಡು ಯಾರ ಖಾತೆಗೆ ಬಂತು ಅನ್ನೋದಕ್ಕೆ ಕಾಗದ ಇರುತ್ತಲ್ಲ? ಕೆಳಗಿನ ಕೋರ್ಟಿನಲ್ಲಿ ಕೊಡದ ದಾಖಲೆಯನ್ನು ಹೈಕೋರ್ಟಿನಲ್ಲಿ ಹೆಚ್ಚುವರಿ ಸಾಕ್ಷ್ಯವಾಗಿ ಕೊಡಲು ಅರ್ಜಿ ಹಾಕಬಹುದು. ಸುಲಭಕ್ಕೆ ಒಪ್ಪೋದಿಲ್ಲ, ಆಗ ಯಾಕೆ ಕೊಡಲಿಲ್ಲ ಅಂತ ಕೇಳೇ ಕೇಳುತ್ತಾರೆ. ಉತ್ತರ ಇಟ್ಟುಕೊಂಡು ಹೋಗಿ. ಪಂಚನಾಮೆಯ ಸರ್ವೆ ನಂಬರ್, ಚಕ್ಕುಬಂದಿ ಮಾವನ ಗದ್ದೆಗೇ ತಾಳೆ ಆಗುತ್ತಾ ಅಂತಲೂ ನೋಡಿ. ಎದೆಯುದ್ದ ಕಬ್ಬಿನ ನಡುವೆ ಬದು ಎಲ್ಲಿ ಮುಗಿಯಿತು ಅಂತ ಹೇಳಲು ಸರ್ವೆಯರೇ ಬೇಕಾಗುತ್ತೆ. ಇದು ವಾಣಿಜ್ಯ ಪ್ರಮಾಣದ ಕೇಸಲ್ಲ, 37ನೇ ಕಲಮಿನ ಅಡ್ಡಿ ಇಲ್ಲ. ಶಿಕ್ಷೆ ಅಮಾನತಿಗೆ ಬೇಗ ಅರ್ಜಿ ಹಾಕಿ, ವಯಸ್ಸನ್ನೂ ಹೇಳಿ.

ಪ್ರಶ್ನೆ: ನನ್ನ ಗಂಡ ಇದೇ ಕಾಯ್ದೆಯಲ್ಲಿ 12 ವರ್ಷ ಶಿಕ್ಷೆಯಾಗಿ 7 ವರ್ಷ ಮುಗಿಸಿದ್ದಾರೆ. ಆಗಸ್ಟ್ 15ಕ್ಕೆ ಸನ್ನಡತೆಯವರನ್ನು ಬಿಡ್ತಾರಲ್ಲ, ಪ್ರತಿ ವರ್ಷ ಕಾಯುತ್ತೇನೆ, ಹೆಸರೇ ಬರೋದಿಲ್ಲ. ಮಾವನವರ ವರ್ಷದ ತಿಥಿಗಾದರೂ ಕಳಿಸುತ್ತಾರಾ?
— ಎನ್.ಆರ್. ಮೊಹಲ್ಲಾ, ಮೈಸೂರು

ಉತ್ತರ: ಅಮ್ಮಾ, ಆ ಪಟ್ಟಿಗೆ ಕಾಯಬೇಡಿ. ಇವರ ನಡತೆಯಲ್ಲಿ ಕೊರತೆ ಇದೆ ಅಂತಲ್ಲ, ಈ ಕಾಯ್ದೆಯ ಶಿಕ್ಷೆಗೆ ಮಾಫಿ ಕೊಡುವುದನ್ನೇ 32ಎ ಕಲಂ ತಡೆದಿದೆ. ಏಳು ವರ್ಷ ನಿಮಗೆ ಇದನ್ನು ಯಾರೂ ಹೇಳಲಿಲ್ಲವಲ್ಲ. ಪೆರೋಲ್ ಬೇರೆ. ಅದಕ್ಕೆ ಈ ಕಲಂ ಅಡ್ಡ ಬರೋದಿಲ್ಲ ಅಂತ ಮೇಲೆ ಹೇಳಿದ ದಾದು ತೀರ್ಪಿನಲ್ಲೇ ಇದೆ. ತಿಥಿಯ ದಿನ, ಮರಣ ಪ್ರಮಾಣಪತ್ರ, ಮನೆ ವಿಳಾಸ ಹಾಕಿ ಜೈಲು ಸೂಪರಿಂಟೆಂಡೆಂಟರಿಗೆ ಈಗಲೇ ಅರ್ಜಿ ಕೊಡಿ. ಠಾಣೆಯಿಂದ ವರದಿ ತರಿಸುತ್ತಾರೆ, ಅದಕ್ಕೆ ಸಮಯ ಹಿಡಿಯುತ್ತೆ. ಅಪೀಲು ಇನ್ನೂ ಬಾಕಿ ಇದ್ದರೆ ಏಳು ವರ್ಷ ಮುಗಿದಿದೆ ಅಂತ ಶಿಕ್ಷೆ ಅಮಾನತಿಗೆ ಹೊಸದಾಗಿ ಕೇಳಿಸಿ. ಅಪೀಲೇ ಹಾಕಿಲ್ಲವಾ? ಅದನ್ನು ನೀವು ಬರೆದಿಲ್ಲ. ನನಗೆ ಒಂದು ಕಾರ್ಡ್ ಹಾಕಿ.

ಪ್ರಶ್ನೆ: ನಾನು ಟೀ ಅಂಗಡಿಯವನು. ಗಾಂಜಾ ಕೇಸಿನಲ್ಲಿ ಪಂಚನಾಗಿ ಸಹಿ ಹಾಕಿಸಿಕೊಂಡಿದ್ದರು. ಠಾಣೆಯಲ್ಲಿ ಸಹಿ ಹಾಕಿದ್ದು, ಏನೂ ನೋಡಿಲ್ಲ ಅಂತ ಕೋರ್ಟಲ್ಲಿ ನಿಜ ಹೇಳಿದೆ. ಹಾಸ್ಟೈಲ್ ಅಂದರು. ಆದರೂ ಅವನಿಗೆ ಶಿಕ್ಷೆ ಆಯಿತು. ಈಗ ಹೈಕೋರ್ಟಿಗೂ ನನ್ನನ್ನು ಕರೀತಾರಾ? ಅಂಗಡಿ ಮುಚ್ಚಿದರೆ ದಿನದ ವ್ಯಾಪಾರ ಹೋಯಿತು.
— ಮಂಡ್ಯ

ಉತ್ತರ: ಕರೆಯೋದಿಲ್ಲ ಅಣ್ಣಾ, ಅಂಗಡಿ ತೆಗೆದಿಡಿ. ಅಲ್ಲಿ ನಿಮ್ಮ ಹೇಳಿಕೆಯ ಕಾಗದ ಓದುತ್ತಾರೆ, ನಿಮ್ಮನ್ನಲ್ಲ. ಪಂಚರು ತಿರುಗಿಬಿದ್ದ ಮಾತ್ರಕ್ಕೆ ಕೇಸು ಬೀಳೋದಿಲ್ಲ, ಪೊಲೀಸರ ಸಾಕ್ಷ್ಯವನ್ನೇ ನಂಬಬಹುದಾದರೆ ಅದರ ಮೇಲೂ ಶಿಕ್ಷೆ ಕೊಡಬಹುದು. ಆದರೆ ಪಂಚನಾಮೆ ರಸ್ತೆಯಲ್ಲಿ ಅಂತಿದ್ದು, ನೀವು ಠಾಣೆಯಲ್ಲಿ ಸಹಿ ಹಾಕಿದ್ದು ಅಂತ ಹೇಳಿದ್ದೀರಲ್ಲ, ಆ ಸಾಲು ದಾಖಲೆಯಲ್ಲಿ ಹಾಗೇ ಉಳಿದಿರುತ್ತೆ. ಅಪೀಲಿನ ವಕೀಲರು ಬೆರಳಿಟ್ಟು ಓದುವ ಸಾಲು ಅದು.

ಪತ್ರ ಬರೆಯುವವರಿಗೆ ಒಂದು ಮಾತು. ತೀರ್ಪಾದ ತಾರೀಕು, ಕಲಂ, ತೂಕ, ಎಷ್ಟು ದಿನ ಒಳಗಿದ್ದಾರೆ ಇಷ್ಟನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಜೆರಾಕ್ಸ್ ಕಳಿಸಿ, ಮೂಲ ಪ್ರತಿ ಬೇಡ. ಹೋದ ತಿಂಗಳು ಒಬ್ಬರು ದೃಢೀಕೃತ ನಕಲನ್ನೇ ಕಳಿಸಿದ್ದರು, ವಿಳಾಸ ಬರೆದಿರಲಿಲ್ಲ. ಅದು ನನ್ನ ಟೇಬಲ್ಲಿನ ಮೇಲೇ ಇದೆ. 73 ಪುಟ, ನೀಲಿ ದಾರದಲ್ಲಿ ಹೊಲಿದದ್ದು. ನಿಮ್ಮದಾದರೆ ಬೇಗ ಬಂದು ತೆಗೆದುಕೊಂಡು ಹೋಗಿ, ನಕಲು ಸಿದ್ಧವಾಗಿ ಆಗಲೇ 41 ದಿನ ಆಗಿದೆ.